ಅರ್ಥ, ಪರಮಾರ್ಥ ಮತ್ತು ಗ್ರಂಥ: ಓದಬೇಕಾದ ಕೆಲವು ಪುಸ್ತಕಗಳು

'ಅರ್ಥ' ಎಂಬ ಶಬ್ದಕ್ಕೆ ಎರಡು ಪ್ರಧಾನ ಅರ್ಥಗಳುಂಟು. ಮಾತಿನ ತಾತ್ಪರ್ಯ ಒಂದು. ಧನ, ದ್ರವ್ಯ, ಸಂಪತ್ತು ಇನ್ನೊಂದು. ಧರ್ಮ, ಅರ್ಥ, ಕಾಮ, ಮೋಕ್ಷಗಳೆಂದು ಪುರುಷಾರ್ಥಗಳನ್ನು ಎಣಿಸಿದ ಪ್ರಾಚೀನರು ಧನಾರ್ಜನೆಯನ್ನು ನಿಷೇಧಿಸಲಿಲ್ಲ. ಧರ್ಮದ ಬೆನ್ನಿಗೇ ಅದಕ್ಕೆ ಸ್ಥಾನ ಕೊಟ್ಟರು. ಇಂದಿನ ಪುಸ್ತಕದಂಗಡಿಗಳಲ್ಲಿಯಾದರೋ ವ್ಯಕ್ತಿತ್ವ ವಿಕಸನಕ್ಕೆ ಒಂದು ಕಪಾಟು, ಅಧ್ಯಾತ್ಮಕ್ಕೆ ಒಂದು, ಹಣಕಾಸಿಗೆ ಮತ್ತೊಂದು. ಯಾವ ಪುಸ್ತಕ ಓದಬೇಕೆಂದು ಕೇಳುವ ವಿದ್ಯಾರ್ಥಿಗಳೂ ಪಾಲಕರೂ ಈ ಮೂರರಲ್ಲಿ ಒಂದನ್ನು ಹಿಡಿದು ಕೇಳುತ್ತಾರೆ. ಮೂರನ್ನೂ ಕೂಡಿಸಿ ಓದಿದವನಿಗೇ ಓದಿನ ಫಲ ದೊರೆಯುವುದೆಂಬುದು ಈ ಲೇಖನದ ಪ್ರತಿಪಾದ್ಯ ವಿಷಯ.

ಈ ಮಾತಿಗೆ ನಿದರ್ಶನ ನಮ್ಮ ಜಿಲ್ಲೆಯಲ್ಲಿಯೇ ಇದೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಅದನ್ನು ಕಂಡು ಹಿಗ್ಗಲಿಲ್ಲ. ನಮಗೆ ಬೇಕಾದುದು ನಿತ್ಯದಷ್ಟೇ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಿರುಗಿಸಿದಳೆಂದು ಪರಂಪರೆ ಹೇಳುತ್ತದೆ. ಇದು ಭಕ್ತಿಯ ಪ್ರಸಂಗವೇ, ವ್ಯಕ್ತಿತ್ವದ ಪಾಠವೇ, ಮನೆವಾರ್ತೆಯ ಲೆಕ್ಕವೇ? ಮೂರೂ ಹೌದು. ದುಡಿದು ತರಬೇಕು, ಅಳತೆ ತಿಳಿದಿರಬೇಕು, ತಂದುದು ಹಂಚಿಕೆಗೆ ಒದಗಬೇಕು. ಹದಿನೈದನೆಯ ಶತಮಾನದ 'ಶೂನ್ಯಸಂಪಾದನೆ'ಯಲ್ಲಿ ಈ ದಂಪತಿಗಳ ಕಥೆಯನ್ನು ವಿಸ್ತಾರವಾಗಿ ಓದಬಹುದು. ಬಸವಣ್ಣನವರಾದರೂ ಬಿಜ್ಜಳನ ಭಂಡಾರವನ್ನು ನಿರ್ವಹಿಸಿದವರು. ಲೆಕ್ಕದ ಶುದ್ಧಿಯೂ ಮನಸ್ಸಿನ ಶುದ್ಧಿಯೂ ಬೇರೆಯಲ್ಲವೆಂದು ಬದುಕಿ ತೋರಿದವರು.

ಆದುದರಿಂದ ಮೊದಲನೆಯ ಪುಸ್ತಕ ವಚನಸಾಹಿತ್ಯ. ಇದು ನಮ್ಮ ಕೈಗೆ ಸುಲಭವಾಗಿ ಬಂದುದಲ್ಲ. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ ತಾಳೆಗರಿಗಳನ್ನು ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದ ಅವರು, 1912ರಲ್ಲಿ ವಿಜಯಪುರದಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಕಾರಣರಾಗಿದ್ದರು. ವಚನವನ್ನು ಉಳಿಸಿದ ಕೈಯೇ ಬಡವರ ಉಳಿತಾಯಕ್ಕೂ ನೆಲೆ ಕಲ್ಪಿಸಿತೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಕರ್ನಾಟಕ ಸರ್ಕಾರ 1993ರಲ್ಲಿ ಸಮಗ್ರ ವಚನಗಳನ್ನು ಹದಿನೈದು ಸಂಪುಟಗಳಲ್ಲಿ ಹೊರತಂದಿತು. ಹದಿನೈದನ್ನೂ ಒಮ್ಮೆಗೆ ಓದಬೇಕಾಗಿಲ್ಲ. ಬಸವಣ್ಣನವರ ಮತ್ತು ಲಕ್ಕಮ್ಮನವರ ವಚನಗಳಿಂದ ತೊಡಗಿ, ದಿನಕ್ಕೊಂದನ್ನು ಓದಿ, ಅದರ ತಾತ್ಪರ್ಯವನ್ನು ಸ್ವಂತ ಮಾತಿನಲ್ಲಿ ಎರಡು ಸಾಲು ಬರೆದಿಟ್ಟರೆ ಸಾಕು.

ಎರಡನೆಯದು ನಮ್ಮ ನೆಲದ ದಾಸಸಾಹಿತ್ಯ. ಮಾನ್ವಿಯು ಜಗನ್ನಾಥದಾಸರ (1728–1809) ಊರು. ವಿಜಯದಾಸರು ಹುಟ್ಟಿದ ಚೀಕಲಪರವಿ ಮಾನ್ವಿ ತಾಲ್ಲೂಕಿನ ಗ್ರಾಮ. ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನದು. ಜಗನ್ನಾಥದಾಸರ 'ಹರಿಕಥಾಮೃತಸಾರ' ಭಾಮಿನಿ ಷಟ್ಪದಿಯಲ್ಲಿ ರಚಿತವಾದ ಪ್ರೌಢ ಗ್ರಂಥ. ಬಾಲಕರಿಗೆ ಅದು ಕಠಿಣವೆನಿಸಿದರೆ ಪುರಂದರದಾಸರ ಕೀರ್ತನೆಗಳಿಂದ ಆರಂಭಿಸಬಹುದು. ನವಕೋಟಿ ನಾರಾಯಣನೆನಿಸಿದ ವರ್ತಕನು ಸರ್ವಸ್ವವನ್ನೂ ತ್ಯಜಿಸಿ ದಾಸನಾದನೆಂಬ ಐತಿಹ್ಯವುಳ್ಳ ಆ ಕವಿಗೆ ಹಣದ ಬಲವೂ ಗೊತ್ತು, ಅದರ ಮಿತಿಯೂ ಗೊತ್ತು. ಶರಣರು ಬೇರೆ, ದಾಸರು ಬೇರೆ ಎಂದು ಓದಿನಲ್ಲಿ ಬೇಲಿ ಹಾಕಿಕೊಳ್ಳುವುದು ವಿದ್ಯಾವಂತನ ಲಕ್ಷಣವಲ್ಲ.

ಮೂರನೆಯದಾಗಿ ಮನಸ್ಸನ್ನು ಹದಗೊಳಿಸುವ ಆಧುನಿಕ ಗ್ರಂಥಗಳು. ಡಿ. ವಿ. ಗುಂಡಪ್ಪನವರ 'ಮಂಕುತಿಮ್ಮನ ಕಗ್ಗ' 1943ರಲ್ಲಿ ಪ್ರಕಟವಾಯಿತು. ಹತ್ತನೆಯ ತರಗತಿಯಲ್ಲಿ ಅರ್ಧ ತಿಳಿಯುವ ಪದ್ಯ ನಲವತ್ತರ ವಯಸ್ಸಿನಲ್ಲಿ ಪೂರ್ತಿ ತಿಳಿಯುತ್ತದೆ. ಕೊಂಡು ಮನೆಯಲ್ಲಿಡತಕ್ಕ ಪುಸ್ತಕವದು. ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ಎಳೆಯರಿಗೆ ತಿಳಿಯುವ ಗದ್ಯದಲ್ಲಿ ಧೈರ್ಯವನ್ನೂ ಸಂಯಮವನ್ನೂ ಬೋಧಿಸುತ್ತದೆ. ಪರೀಕ್ಷೆಯಲ್ಲಿ ಸೋತು ಕುಗ್ಗಿದ ಹುಡುಗನ ಕೈಗೆ ಕೊಡಲು ಯೋಗ್ಯವಾದುದು. ಇವುಗಳ ಜೊತೆಗೆ ಗಾಂಧೀಜಿಯವರ ಆತ್ಮಕಥೆ. ಅದನ್ನು ಸತ್ಯನಿಷ್ಠೆಗಾಗಿ ಓದುವವರು ಬಹಳ. ಅದರಲ್ಲಿರುವ ಹಣಕಾಸಿನ ಪಾಠವನ್ನು ಗಮನಿಸುವವರು ವಿರಳ. ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ಗಾಡಿಯ ಬಾಡಿಗೆ, ಅಂಚೆ, ಪತ್ರಿಕೆಗಳಿಗೆ ವ್ಯಯಿಸಿದ ಚಿಲ್ಲರೆಯನ್ನೂ ಬರೆದಿಟ್ಟು, ಪ್ರತಿ ರಾತ್ರಿ ಮಲಗುವ ಮುನ್ನ ಲೆಕ್ಕ ಸರಿಹೊಂದಿಸುತ್ತಿದ್ದರು. ಮುಂದೆ ಲಕ್ಷಾಂತರ ರೂಪಾಯಿಗಳ ಸಾರ್ವಜನಿಕ ನಿಧಿಯನ್ನು ಸಾಲಕ್ಕೆ ಬೀಳದೆ ನಿರ್ವಹಿಸಲು ಈ ಅಭ್ಯಾಸವೇ ಕಾರಣವೆಂದು ಅವರೇ ಬರೆದಿದ್ದಾರೆ.

ಇನ್ನು ಹಣಕಾಸಿನ ಪುಸ್ತಕಗಳು. ಕೌಟಿಲ್ಯನ 'ಅರ್ಥಶಾಸ್ತ್ರ'ವನ್ನು ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೊದಲ ಬಾರಿಗೆ ಮುದ್ರಿಸಿ ಲೋಕಕ್ಕೆ ನೀಡಿದರು. ರಾಜ್ಯದ ಧನವನ್ನು ಅಧಿಕಾರಿಗಳು ಅಪಹರಿಸುವ ನಲವತ್ತು ಉಪಾಯಗಳನ್ನು ಅದರಲ್ಲಿ ಎಣಿಸಿ ಹೇಳಿದೆ. ಮುಂದೆ ಸಂಘಸಂಸ್ಥೆಗಳ ಆಡಳಿತದಲ್ಲಿ ಕೂಡುವವರು ಆ ಭಾಗವನ್ನು ಅವಶ್ಯ ಓದಬೇಕು. ಸಾಮಾನ್ಯ ಮನೆಗಾದರೋ ಎಲ್ಲಕ್ಕಿಂತ ಮಿಗಿಲಾದ ಹಣಕಾಸಿನ ಗ್ರಂಥ ಶಾಲೆಯ ಗಣಿತದ ಪುಸ್ತಕ, ಅದರಲ್ಲಿಯೂ ಬಡ್ಡಿಯ ಅಧ್ಯಾಯ. ನಮ್ಮ ಸೀಮೆಯಲ್ಲಿ ಬೀಜ-ಗೊಬ್ಬರ ಉದ್ರಿ ತಂದು, ಮದುವೆಗೆ ಕೈಗಡ ಮಾಡಿ, ಮಳೆ ಕೈಕೊಟ್ಟ ವರ್ಷ ಬಡ್ಡಿಗೇ ದುಡಿಯುವ ಮನೆಗಳುಂಟು. 'ನೂರಕ್ಕೆ ಮೂರು' ಎಂಬ ಮಾತು ಕಿವಿಗೆ ಹಗುರ. ಅದು ತಿಂಗಳಿಗೆ ಮೂರು. ವರ್ಷಕ್ಕೆ ಶೇಕಡಾ 36. ಹತ್ತು ಸಾವಿರ ರೂಪಾಯಿ ತಂದವನು ತಿಂಗಳಿಗೆ 300ರಂತೆ ಮೂರು ವರ್ಷ ಕಟ್ಟಿದರೆ ಬಡ್ಡಿಯೇ 10,800 ಆಗುತ್ತದೆ. ಅಸಲು ಹಾಗೆಯೇ ನಿಂತಿರುತ್ತದೆ. ಬಡ್ಡಿಯನ್ನು ಕಟ್ಟದೆ ವರ್ಷಕ್ಕೊಮ್ಮೆ ಅಸಲಿಗೆ ಸೇರಿಸುತ್ತ ಹೋದರೆ ಮೊದಲ ವರ್ಷದ ಕೊನೆಗೆ 13,600, ಎರಡನೆಯದಕ್ಕೆ 18,496, ಮೂರನೆಯದಕ್ಕೆ 25,154ಕ್ಕೂ ಮಿಕ್ಕುತ್ತದೆ. ಸಾಲಪತ್ರಕ್ಕೆ ಹೆಬ್ಬೆರಳು ಒತ್ತುವ ತಂದೆತಾಯಿಗಳ ಪಕ್ಕದಲ್ಲಿ ನಿಂತು ಈ ಲೆಕ್ಕವನ್ನು ಹಾಕಿ ತೋರಿಸಬಲ್ಲ ಮಗನೋ ಮಗಳೋ ಇದ್ದರೆ, ಶಾಲೆಯಲ್ಲಿ ಕಲಿತುದು ಸಾರ್ಥಕ. ಕಿರುಸಾಲದ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಾನೂನು ಕಾಯಬಹುದು, ಸಾಲ ತರುವ ಮುನ್ನ ಎಣಿಸಬೇಕಾದವರು ನಾವೇ.

ಉಳಿತಾಯದ ವಿಷಯದಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಜನರ ತಿಳಿವಳಿಕೆಗಾಗಿ ಹೊರತಂದಿರುವ ಕಿರುಪುಸ್ತಿಕೆಗಳು ಉಪಯುಕ್ತವಾಗಿವೆ. ಒಂದು ಸಂಗತಿಯನ್ನಂತೂ ಎಲ್ಲರೂ ತಿಳಿದಿರಬೇಕು: 2020ರ ಫೆಬ್ರವರಿಯಿಂದ, ವಿಮೆಗೊಳಪಟ್ಟ ಬ್ಯಾಂಕೊಂದರಲ್ಲಿ ಒಬ್ಬ ಠೇವಣಿದಾರನ ಅಸಲು-ಬಡ್ಡಿಗಳೆರಡೂ ಸೇರಿ ಐದು ಲಕ್ಷ ರೂಪಾಯಿಗಳವರೆಗೆ ರಕ್ಷಣೆಯುಂಟು. ಸಹಕಾರಿ ಬ್ಯಾಂಕುಗಳೂ ಇದರಲ್ಲಿ ಸೇರುತ್ತವೆ. ಪತ್ತಿನ ಸಹಕಾರ ಸಂಘಗಳಿಗೆ, ಚೀಟಿ ನಡೆಸುವವರಿಗೆ ಈ ರಕ್ಷಣೆಯಿಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದ ನಾಡು ನಮ್ಮದು. ಸಹಕಾರದಲ್ಲಿ ನಂಬಿಕೆ ಬೇಕು. ಆದರೆ ಆ ನಂಬಿಕೆ ಲೆಕ್ಕಪತ್ರವನ್ನು ಕೇಳಿ ನೋಡುವ ನಂಬಿಕೆಯಾಗಿರಬೇಕು.

ಓದಬಾರದ ಪುಸ್ತಕಗಳ ಕುರಿತೂ ಒಂದು ಮಾತು ಅವಶ್ಯ. ಇಂತಿಷ್ಟು ದಿನಗಳಲ್ಲಿ ಕೋಟ್ಯಧೀಶರಾಗಿರಿ ಎಂದು ಕರೆಯುವ ಪುಸ್ತಕಗಳು ಈಗ ಹೇರಳ. ಬರೆದವನು ತಾನು ಬೋಧಿಸಿದ ಮಾರ್ಗದಿಂದ ಗಳಿಸಿದನೇ, ಪುಸ್ತಕವನ್ನು ಮಾರಿಯೇ ಗಳಿಸಿದನೇ ಎಂದು ವಿಚಾರಿಸಿರಿ. ಇಂಥ ಸ್ತೋತ್ರ ಪಠಿಸಿದರೆ ಸಾಲ ತೀರುವುದೆಂದು ಹೇಳುವ ಅಧ್ಯಾತ್ಮದ ಪುಸ್ತಕವನ್ನೂ ಹೀಗೆಯೇ ಪರೀಕ್ಷಿಸಿರಿ. ದೇವರನ್ನು ಸಾಲ ತೀರಿಸುವ ಗುಮಾಸ್ತನನ್ನಾಗಿ ಮಾಡಿಕೊಳ್ಳುವುದು ಭಕ್ತಿಯಲ್ಲ. ಕಾಯಕವಿಲ್ಲದೆ ಫಲವನ್ನು ವಾಗ್ದಾನ ಮಾಡುವ ಗ್ರಂಥವು ಯಾವ ಕಪಾಟಿನದಾದರೂ ತ್ಯಾಜ್ಯವೇ.

ಕಡೆಯದಾಗಿ, ಅಂಗಡಿಯಲ್ಲಿ ದೊರೆಯದ ಪುಸ್ತಕವೊಂದುಂಟು: ವಿದ್ಯಾರ್ಥಿಯು ತಾನೇ ಬರೆಯುವ ಕೀರ್ದಿ. ನೂರು ಪುಟದ ಒಂದು ನೋಟುಪುಸ್ತಕ ಸಾಕು. ಎಡಪುಟದಲ್ಲಿ ಅಂದಿನ ಜಮಾ-ಖರ್ಚು. ಬಲಪುಟದಲ್ಲಿ ಓದಿದ ವಚನದ ತಾತ್ಪರ್ಯ, ಅಂದು ಮಾಡಿದ ಒಂದು ಒಳ್ಳೆಯ ಕೆಲಸ. ತಿಂಗಳ ಕೊನೆಗೆ ಎರಡೂ ಪುಟಗಳನ್ನು ಎದುರುಬದುರಾಗಿಟ್ಟು ನೋಡಿದರೆ, ಹಣ ಹೋದ ದಾರಿಯೂ ಮನಸ್ಸು ಹೋದ ದಾರಿಯೂ ಸ್ಪಷ್ಟವಾಗಿ ಕಾಣುತ್ತವೆ. ಈ ಬೇಸಿಗೆಯ ರಜೆಯಲ್ಲಿಯೇ ಅದನ್ನು ಆರಂಭಿಸಿರೆಂದು ವಿದ್ಯಾರ್ಥಿಗಳಲ್ಲಿಯೂ, ಮಕ್ಕಳೊಡನೆ ಕುಳಿತು ಮನೆಯ ಲೆಕ್ಕವನ್ನೂ ಬರೆಯಿರೆಂದು ಪಾಲಕರಲ್ಲಿಯೂ ನನ್ನ ವಿಜ್ಞಾಪನೆ.