ಯಂತ್ರ ಬಂತು, ಕೈಗೆ ಕೆಲಸವೆಲ್ಲಿ?

ಕಲ್ಯಾಣದುರ್ಗದ ಹಳ್ಳಿಗಳಲ್ಲಿ ಕಡಲೆಕಾಯಿ ಸುಗ್ಗಿಯೆಂದರೆ ಹೆಣ್ಣುಮಕ್ಕಳಿಗೆ ಬಿಡುವಿಲ್ಲದ ಕೆಲಸವಿತ್ತು. ಗಿಡದಿಂದ ಕಾಯಿ ಬಿಡಿಸುವುದು, ಬಿತ್ತನೆಗೆ ಬೀಜ ಸುಲಿಯುವುದು, ಎಲ್ಲವೂ ಕೈಯಲ್ಲೇ. ಈಗ ಬಿಡಿಸಲು ಒಂದು ಯಂತ್ರ, ಸುಲಿಯಲು ಇನ್ನೊಂದು. ಬೆನ್ನುನೋವು ತಪ್ಪಿತು, ನಿಜ; ಕೂಲಿಯೂ ತಪ್ಪಿತು. ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡ ಕೆಲಸವೇ ಗತಿ. ಗ್ರಾಮೀಣ ಉದ್ಯೋಗ ಖಾತರಿ ಯೋಜನೆ 2006ರ ಫೆಬ್ರವರಿ 2ರಂದು ಇದೇ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಆರಂಭವಾದದ್ದು ಸುಮ್ಮನೆ ಅಲ್ಲ.

ಕಸುಬು ಕಲಿಯದವರ ಪಾಡು ಇದಾದರೆ, ಕಲಿತವರ ಪಾಡೇನು? ಹಿಂದೂಪುರದ ನೇಕಾರರನ್ನು ನೋಡಿ. ತಂದೆಯ ಪಕ್ಕದಲ್ಲಿ ಕುಳಿತು ವರ್ಷಗಟ್ಟಲೆ ಕಲಿತ ವಿದ್ಯೆ ಅವರದು. ಆದರೂ ವಿದ್ಯುತ್ ಮಗ್ಗದ ವೇಗದ ಮುಂದೆ ಕೈಮಗ್ಗ ಸೋಲುತ್ತಿದೆ. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆಯಿದ್ದರೂ, 2009-10ರ ಗಣತಿಯಲ್ಲಿ ದೇಶದಲ್ಲಿ ಸುಮಾರು 43 ಲಕ್ಷವಿದ್ದ ಕೈಮಗ್ಗ ಕೆಲಸಗಾರರು 2019-20ರ ಗಣತಿಗೆ 35 ಲಕ್ಷಕ್ಕೆ ಇಳಿದರು.

ಅದೇ 2019ರಲ್ಲಿ ಹಿಂದೂಪುರಕ್ಕೆ ಹತ್ತಿರದ ಪೆನುಕೊಂಡದ ಬಳಿ ಕಿಯಾ ಕಾರು ಕಾರ್ಖಾನೆ ಬಾಗಿಲು ತೆರೆಯಿತು. ಅಲ್ಲಿ ಬೆಸುಗೆ ಹಾಕುವುದು ರೋಬಾಟ್‌ಗಳು. ಅವುಗಳನ್ನು ನೋಡಿಕೊಳ್ಳಲು ಐಟಿಐ, ಡಿಪ್ಲೊಮಾ ಓದಿದವರು ಬೇಕು. ಗುಡಿಸಲು, ಕಾವಲಿಗೆ, ಅಡುಗೆಗೆ ಓದದವರೂ ಬೇಕು. ನಡುವೆ ಉಳಿದವನು ನೇಕಾರ. ಅವನ ಕೈಚಳಕಕ್ಕೆ ಯಾವ ಸರ್ಟಿಫಿಕೇಟೂ ಇಲ್ಲ.

ಹಾಗಾದರೆ ಯಂತ್ರ ನಮ್ಮ ಶತ್ರುವೇ? ಜಗದ್ಗುರು ಎರಡನೇ ಜಾನ್ ಪಾಲರು ಮಾನವ ದುಡಿಮೆ ಕುರಿತ 1981ರ ತಮ್ಮ ವಿಶ್ವಪತ್ರದಲ್ಲಿ ಯಂತ್ರವನ್ನು ಮನುಷ್ಯನ ಸಂಗಾತಿ ಎಂದೇ ಕಂಡರು. ಅದು ಅವನ ಕೆಲಸ ಕಸಿದಾಗ ಶತ್ರುವಾಗುತ್ತದೆ ಎಂದೂ ಎಚ್ಚರಿಸಿದರು. 2025ರಲ್ಲಿ ಜಗದ್ಗುರು ಹದಿನಾಲ್ಕನೇ ಲಿಯೋ ಅವರು ಆ ಹೆಸರನ್ನು ಆರಿಸಿಕೊಂಡದ್ದಕ್ಕೆ ಕೃತಕ ಬುದ್ಧಿಮತ್ತೆ ದುಡಿಯುವವರಿಗೆ ಒಡ್ಡಿರುವ ಸವಾಲನ್ನೂ ಕಾರಣವಾಗಿ ಕೊಟ್ಟರು.

ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ಯಂತ್ರ ಬೇಕೇ ಬೇಡವೇ ಎಂಬುದಲ್ಲ. ಅದು ಯಾರದು? ಅದನ್ನು ನಡೆಸಲು ಕಲಿಯುವವರು ಯಾರು? ಸುಲಿಯುವ ಯಂತ್ರ ಹೆಣ್ಣುಮಕ್ಕಳ ಸ್ವಸಹಾಯ ಸಂಘದ್ದೇ ಆದರೆ ಬಾಡಿಗೆ ಹಣ ಊರಲ್ಲೇ ಉಳಿಯುತ್ತದೆ. ಹತ್ತನೇ ತರಗತಿ ಮುಗಿಸಿದ ಮಗಳನ್ನೂ ಐಟಿಐಗೆ ಕಳುಹಿಸಿದರೆ ಮನೆಯ ದಾರಿ ಬದಲಾಗುತ್ತದೆ. ನಲವತ್ತು ದಾಟಿದ ನೇಕಾರ ಹೊಸ ಕೆಲಸ ಕಲಿಯುವ ಆರು ತಿಂಗಳು ಅವನ ಒಲೆ ಉರಿಯುವಂತೆ ನೋಡಿಕೊಳ್ಳುವುದು ನೆರೆಹೊರೆಯ, ಧರ್ಮಕೇಂದ್ರದ ಹೊಣೆ.

ಯೇಸುಸ್ವಾಮಿ ಹೇಳಿದ ದ್ರಾಕ್ಷಿತೋಟದ ಸಾಮತಿಯಲ್ಲಿ ಸಂಜೆಯವರೆಗೂ ಪೇಟೆಯಲ್ಲಿ ನಿಂತಿದ್ದವರು ಸೋಮಾರಿಗಳಲ್ಲ. ಅವರನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ. ಯಜಮಾನ ಅವರಿಗೂ ಇಡೀ ದಿನದ ಕೂಲಿ ಕೊಟ್ಟ. ನಮ್ಮ ಬೀದಿಯಲ್ಲಿ ಇಂದು ಹಾಗೆ ನಿಂತಿರುವವರು ಯಾರು?