ಹೊಸ ಅಕ್ವೇರಿಯಂನಲ್ಲಿ ಮೀನು ಸಾಯ್ತಿವೆಯಾ? ಔಷಧಿಗೆ ಮೊದಲು ನೀರು ನೋಡಿ

ಈ ವಾರ ಬೆಳೆ ಬಿಟ್ಟು ಮೀನಿನ ವಿಷಯ. ‘ಗಾಜಿನ ತೊಟ್ಟಿಗೂ ಕೃಷಿಗೂ ಏನು ಸಂಬಂಧ?’ ಅಂತ ಕೇಳಬೇಡಿ. ಕೊನೆವರೆಗೆ ಓದಿದರೆ ನಿಮಗೇ ಗೊತ್ತಾಗುತ್ತೆ.

ಮಗಳು ಹಠ ಹಿಡಿದಳು ಅಂತ ಹೋದ ವರ್ಷ ಎರಡು ಅಡಿ ಉದ್ದದ ಅಕ್ವೇರಿಯಂ ತಂದೆ. ಜಲ್ಲಿಕಲ್ಲು ತೊಳೆದು ಹಾಕಿ, ಬೋರ್‌ವೆಲ್ ನೀರು ತುಂಬಿ, ಅದೇ ಸಂಜೆ ಆರು ಗೋಲ್ಡ್‌ಫಿಶ್ ಬಿಟ್ಟೆ. ಒಂದು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ನೀರು ಅಕ್ಕಿ ತೊಳೆದ ನೀರಿನ ಹಾಗೆ ಮಸುಕಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗಿದವು. ರೋಗ ಬಂದಿದೆ ಅಂದುಕೊಂಡು ಅಂಗಡಿಯಿಂದ ನೀಲಿ ಔಷಧಿ ತಂದು ಹಾಕಿದೆ. ನೀರು ಗಲೀಜಾಗಿದೆ ಅಂತ ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಬಿಳಿ ಬರೋವರೆಗೆ ಹಿಂಡಿ ತೊಳೆದೆ. ಎರಡೇ ದಿನದಲ್ಲಿ ಮೂರು ಮೀನು ಸತ್ತವು. ‘ಅಪ್ಪಾ, ನೀನು ಔಷಧಿ ಹಾಕಿದ ಮೇಲೂ ಯಾಕೆ ಸತ್ತವು?’ ಅಂತ ಮಗಳು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ನಾನು ಓದಿದ ಪಾಠದಲ್ಲೇ ಇತ್ತು. ‘ಮಣ್ಣಿನ ಜೀವಿಗಳನ್ನು ಕೊಲ್ಲಬೇಡಿ’ ಅಂತ ಊರಿಗೆಲ್ಲ ಹೇಳೋ ನಾನೇ, ಮನೆಯ ತೊಟ್ಟಿಯಲ್ಲಿ ಅದೇ ಜೀವಿಗಳನ್ನು ಎರಡೆರಡು ಸಲ ಕೊಂದಿದ್ದೆ. ಒಮ್ಮೆ ಔಷಧಿಯಿಂದ, ಒಮ್ಮೆ ನಲ್ಲಿ ನೀರಿನಿಂದ.

ತೊಟ್ಟಿಯೊಳಗೆ ಏನು ನಡೆಯುತ್ತೆ?

ಮೀನು ತನ್ನ ಕಿವಿರಿನಿಂದ ಅಮೋನಿಯಾ ಬಿಡುತ್ತೆ. ತಿನ್ನದೆ ಉಳಿದ ಆಹಾರ, ಮಲ ಕೊಳೆತರೂ ಅಮೋನಿಯಾವೇ. ಗದ್ದೆಗೆ ಯೂರಿಯಾ ಹಾಕಿದಾಗ ಏನಾಗುತ್ತೆ ನೆನಪು ಮಾಡಿಕೊಳ್ಳಿ. ಯೂರಿಯಾ ಅಮೋನಿಯಾ ರೂಪಕ್ಕೆ ಬರುತ್ತೆ, ಅದನ್ನು ಒಂದು ಗುಂಪಿನ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತೆ, ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತೆ. ಅಕ್ವೇರಿಯಂನಲ್ಲೂ ಇದೇ ಕೆಲಸ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟ್ ಮಿತಿಯಲ್ಲಿದ್ದರೆ ತೊಂದರೆ ಇಲ್ಲ.

ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಇರೋದು ಫಿಲ್ಟರಿನ ಸ್ಪಂಜು, ಜಲ್ಲಿ, ಗಾಜಿನ ಮೇಲಿನ ಪಾಚಿಯಂಥ ಪದರದಲ್ಲಿ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಬೆಳೆಯೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟರೊಳಗೆ ತುಂಬಾ ಮೀನು ಬಿಟ್ಟರೆ ಅವು ತಮ್ಮದೇ ಕೊಳೆಯಲ್ಲಿ ಉಸಿರುಗಟ್ಟುತ್ತವೆ.

ಬೋರ್‌ವೆಲ್ ನೀರಿನ ಗುಟ್ಟು

ಅಮೋನಿಯಾ ಎಷ್ಟು ವಿಷ ಅನ್ನೋದು ಪಿಎಚ್ ಮೇಲೆ ನಿಂತಿದೆ. ನೀರು 25 ಡಿಗ್ರಿ ಇದ್ದಾಗ ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ಶೇ. 1ಕ್ಕಿಂತ ಕಡಿಮೆ ಭಾಗ ಮಾತ್ರ ವಿಷದ ರೂಪದಲ್ಲಿರುತ್ತೆ. ಪಿಎಚ್ 8ರಲ್ಲಿ ಅದು ಸುಮಾರು ಶೇ. 5, ಪಿಎಚ್ 8.5ರಲ್ಲಿ ಸುಮಾರು ಶೇ. 15. ನೀರು ಬಿಸಿಯಾದಷ್ಟೂ ಇನ್ನೂ ಜಾಸ್ತಿ. ನಮ್ಮ ತೋಟದ ನೀರು ಗಡಸು. ಪಿಎಚ್ 8.2 ಬಂತು, ಅಮೋನಿಯಾ 2 ಪಿಪಿಎಂ. ಮೀನು ಸಾಯದೆ ಇನ್ನೇನಾಗುತ್ತೆ?

ಇನ್ನೊಂದು ಮಾತು. ಆಗ ತಾನೇ ಎತ್ತಿದ ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರಬಹುದು. ಬಕೆಟ್‌ನಲ್ಲಿ ಒಂದು ದಿನ ಏರ್ ಪಂಪ್ ಬಿಟ್ಟಿಟ್ಟು ಆಮೇಲೆ ಬಳಸಿ. ಪಿಎಚ್ ಕೂಡ ಆಗಲೇ ಅಳೆಯಿರಿ, ಮೊದಲೇ ಅಳೆದರೆ ಕಡಿಮೆ ತೋರಿಸುತ್ತೆ. ಪಟ್ಟಣದ ನಲ್ಲಿ ನೀರಾದರೆ ಕ್ಲೋರಿನ್ ಇರುತ್ತೆ. ಅಂಗಡಿಯಲ್ಲಿ ಸಿಗೋ ಆಂಟಿ ಕ್ಲೋರಿನ್ ಹನಿ ಹಾಕಿಯೇ ತೊಟ್ಟಿಗೆ ಬಿಡಿ.

ನೀರಿನ ತೊಂದರೆಯೋ, ರೋಗವೋ?

ಒಂದು ಸುಲಭ ಸೂತ್ರ: ಎಲ್ಲ ಮೀನೂ ಒಟ್ಟಿಗೆ ಸಪ್ಪಗಾದರೆ ಮೊದಲ ಅನುಮಾನ ನೀರಿನ ಮೇಲಿರಲಿ. ಒಂದೆರಡು ಮೀನಿನ ಮೈಮೇಲೆ ಗುರುತು ಕಂಡು ಉಳಿದವು ಚೆನ್ನಾಗಿದ್ದರೆ ರೋಗ ಇರಬಹುದು.

* ಎಲ್ಲವೂ ಮೇಲೆ ಬಂದು ಬಾಯಿ ಬಡಿಯೋದು, ಕಿವಿರು ಕೆಂಪಾಗೋದು: ಅಮೋನಿಯಾ ಅಥವಾ ಆಮ್ಲಜನಕದ ಕೊರತೆ.
* ಕಿವಿರು ಕಂದು ಬಣ್ಣ, ಜೋರು ಉಸಿರಾಟ: ನೈಟ್ರೈಟ್. ಇದು ರಕ್ತಕ್ಕೆ ಆಮ್ಲಜನಕ ಹೊರೋ ಶಕ್ತಿ ಕಳೆಯುತ್ತೆ. ಲೀಟರಿಗೆ 1 ಗ್ರಾಂ ಕಲ್ಲುಪ್ಪು ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಹಾಕಿದರೆ ನೈಟ್ರೈಟ್ ಕಿವಿರಿನೊಳಗೆ ಹೋಗೋದು ಕಡಿಮೆಯಾಗುತ್ತೆ. ತೊಟ್ಟಿಯಲ್ಲಿ ನೀರಿನ ಗಿಡ ಇದ್ದರೆ ಉಪ್ಪಿನಲ್ಲಿ ಹುಷಾರು.
* ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ, ಕಲ್ಲಿಗೆ ಮೈ ಉಜ್ಜೋದು: ಬಿಳಿ ಚುಕ್ಕೆ ರೋಗ. ಇದು ಪರಾವಲಂಬಿ ಜೀವಿ. ಮೈಗೆ ಅಂಟಿಕೊಂಡಿರೋವರೆಗೆ ಔಷಧಿ ಅದಕ್ಕೆ ತಾಗಲ್ಲ, ನೀರಿನಲ್ಲಿ ಈಜೋ ಹಂತದಲ್ಲಿ ಮಾತ್ರ ಸಾಯುತ್ತೆ. ಹಾಗಾಗಿ ಚುಕ್ಕೆ ಮಾಯವಾದ ದಿನವೇ ಔಷಧಿ ನಿಲ್ಲಿಸಬೇಡಿ, ಡಬ್ಬಿ ಮೇಲೆ ಬರೆದಷ್ಟು ದಿನ ಪೂರ್ತಿ ಕೊಡಿ.
* ರೆಕ್ಕೆ ಹರಿದ ಹಾಗೆ ಆಗೋದು, ಹತ್ತಿಯಂಥ ಬಿಳಿ ಬೂಷ್ಟು: ಹೆಚ್ಚಿನ ಸಲ ಕೆಟ್ಟ ನೀರಿನಲ್ಲಿ ಸೋತ ಮೀನಿಗೇ ಬರುತ್ತೆ. ನೀರು ಸರಿಮಾಡದೆ ಔಷಧಿ ಹಾಕಿದರೆ ಮತ್ತೆ ಬರುತ್ತೆ.

ಈಗಲೇ ಏನು ಮಾಡಬೇಕು?

1. ಎರಡು ದಿನ ಆಹಾರ ನಿಲ್ಲಿಸಿ. ಆರೋಗ್ಯವಾಗಿರೋ ದೊಡ್ಡ ಮೀನು ಎರಡು ದಿನ ಉಪವಾಸಕ್ಕೆ ಸಾಯಲ್ಲ.
2. ಏರ್ ಪಂಪ್ ಹಗಲು ರಾತ್ರಿ ಓಡಲಿ.
3. ಹನಿ ಹಾಕಿ ಬಣ್ಣ ನೋಡೋ ಟೆಸ್ಟ್ ಕಿಟ್ ತಂದು ಅಮೋನಿಯಾ, ನೈಟ್ರೈಟ್, ಪಿಎಚ್ ಅಳೆಯಿರಿ. ಪ್ರತಿ ಸಲ ಮೊಬೈಲಲ್ಲಿ ಫೋಟೊ ತೆಗೆದಿಡಿ. ನಾಲ್ಕು ದಿನದ ಫೋಟೊ ಪಕ್ಕಪಕ್ಕ ಇಟ್ಟರೆ ಏರ್ತಿದೆಯೋ ಇಳೀತಿದೆಯೋ ಕಣ್ಣಿಗೇ ಕಾಣುತ್ತೆ.
4. ದಿನಾ ಶೇ. 25–30ರಷ್ಟು ನೀರು ಬದಲಾಯಿಸಿ, ಅದೂ ಒಂದು ದಿನ ಗಾಳಿ ಆಡಿಸಿದ, ತೊಟ್ಟಿಯಷ್ಟೇ ಬೆಚ್ಚಗಿನ ನೀರು. ಎಲ್ಲ ನೀರನ್ನೂ ಒಮ್ಮೆಲೇ ಚೆಲ್ಲಬೇಡಿ.
5. ಸ್ಪಂಜು ಕಟ್ಟಿಕೊಂಡಿದ್ದರೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಒಮ್ಮೆ ಅದ್ದಿ ಹಿಂಡಿ. ಬಿಳಿ ಆಗೋದು ಬೇಡ.
6. ಔಷಧಿ ಅಥವಾ ಉಪ್ಪಿನ ಲೆಕ್ಕಕ್ಕೆ: ಉದ್ದ, ಅಗಲ, ನೀರಿನ ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿ. 60 × 30 × 30 ಅಂದರೆ 54 ಲೀಟರ್. ಅಂದಾಜಿನ ಮೇಲೆ ಹಾಕಬೇಡಿ.

ಹೊಸದಾಗಿ ಶುರು ಮಾಡೋರಿಗೆ

ತೊಟ್ಟಿ ತುಂಬಿ ಫಿಲ್ಟರ್ ಓಡಿಸಿ, ಮೀನಿಲ್ಲದೆಯೇ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಬನ್ನಿ. ಮೊದಲು ಅಮೋನಿಯಾ ಏರುತ್ತೆ, ಆಮೇಲೆ ನೈಟ್ರೈಟ್ ಏರುತ್ತೆ, ಕೊನೆಗೆ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣುತ್ತೆ. ಆಗ ಎರಡೇ ಎರಡು ಮೀನು ಬಿಡಿ. ಬೇಗ ಆಗಬೇಕಾ? ಆರೋಗ್ಯವಾಗಿರೋ ಹಳೇ ಅಕ್ವೇರಿಯಂ ಇಟ್ಟವರಿಂದ ಒಂದು ತುಂಡು ಸ್ಪಂಜನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಸಾವಯವದವರು ಅಂತ ಜೀವಾಮೃತ, ಸಗಣಿ ನೀರು ಮಾತ್ರ ತೊಟ್ಟಿಗೆ ಹಾಕೋಕೆ ಹೋಗಬೇಡಿ. ಅವು ಅಮೋನಿಯಾ ಏರಿಸಿ ಆಮ್ಲಜನಕ ಇಳಿಸುತ್ತವೆ.

ಕೃಷಿ ಹೊಂಡಕ್ಕೂ ಇದೇ ಪಾಠ

ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟವರು ಗಮನಿಸಿ. ರಾತ್ರಿ ಪಾಚಿ ಆಮ್ಲಜನಕ ಕೊಡಲ್ಲ, ತಾನೂ ಬಳಸುತ್ತೆ. ಬೆಳಗಿನ ಜಾವ ಮೀನು ಬಾಯಿ ಬಡಿಯೋದಕ್ಕೆ ಹೆಚ್ಚಾಗಿ ಇದೇ ಕಾರಣ. ಆಹಾರ, ಸಗಣಿ ನಿಲ್ಲಿಸಿ, ಮೋಟಾರಿನಿಂದ ಹೊಂಡದ ನೀರನ್ನೇ ಮೇಲಿಂದ ಚಿಮ್ಮಿಸಿ. ಹಸಿರುಗಟ್ಟಿದ ಹೊಂಡದಲ್ಲಿ ಮಧ್ಯಾಹ್ನದ ಹೊತ್ತಿಗೆ ಪಿಎಚ್ ಏರುತ್ತೆ, ಆಗ ಅದೇ ಅಮೋನಿಯಾ ಹೆಚ್ಚು ವಿಷವಾಗುತ್ತೆ. ಆದ್ದರಿಂದ ಬೆಳಗ್ಗೆ ಮತ್ತು ಮಧ್ಯಾಹ್ನ ಎರಡೂ ಹೊತ್ತು ಅಳೆಯಿರಿ.

ಅಕ್ವೇರಿಯಂ ಬೇಡವಾಯಿತು ಅಂತ ಮೀನನ್ನು ಹೊಂಡಕ್ಕೋ ಊರ ಕೆರೆಗೋ ಬಿಡಬೇಡಿ. ಗಾಜು ಶುಚಿ ಮಾಡುತ್ತೆ ಅಂತ ಮಾರೋ ಸಕ್ಕರ್ ಮೀನು ಹೀಗೆಯೇ ನಮ್ಮ ದೇಶದ ಎಷ್ಟೋ ಕೆರೆ ಹೊಳೆ ಸೇರಿ ತೊಂದರೆ ಕೊಡ್ತಿದೆ. ಸಾಕೋರಿಗೆ ಕೊಡಿ.

ನಮ್ಮ ಮನೆಯ ಉಳಿದ ಮೂರು ಗೋಲ್ಡ್‌ಫಿಶ್ ಬದುಕಿದವು. ಐದನೇ ವಾರ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿತು. ಈಗ ಟೆಸ್ಟ್ ಕಿಟ್‌ನ ಹನಿ ಎಣಿಸೋಳು ಮಗಳೇ. ಉಪ್ಪು, ಔಷಧಿ ಇಲ್ಲದ ತೊಟ್ಟಿಯ ನೀರನ್ನು ಚೆಲ್ಲೋದಿಲ್ಲ, ಅದರಲ್ಲಿ ನೈಟ್ರೇಟ್ ಇದೆಯಲ್ಲ, ಹಿತ್ತಲ ಕರಿಬೇವಿನ ಬುಡಕ್ಕೆ ಹಾಕ್ತೀವಿ.