ಜಾಕ್ ಎತ್ತಾಕ ಅಷ್ಟ, ಹೊತ್ತು ನಿಲ್ಲಾಕಲ್ಲ!

ಸಮೀರವಾಡಿ: ಗೋದಾವರಿ ಸಕ್ಕರೆ ಕಾರ್ಖಾನೆಯ ಹಂಗಾಮು ಶುರುವಾಯಿತೆಂದರೆ ಸುತ್ತಲಿನ ಮಿಸ್ತ್ರಿಗಳಿಗೆ ಕಬ್ಬಿನ ಟ್ರ್ಯಾಕ್ಟರು, ಟ್ರೇಲರುಗಳದೇ ಚಿಂತೆ. ಮನೆ ಮುಂದೆ ನಿಂತ ಹಳೆ ಕಾರನ್ನು ಕೇಳುವವರಾರು? 'ನಾವ ಮಾಡಿಕೋತೀವಿ ಬಿಡ್ರಿ' ಎಂದು ರವಿವಾರ ಪಾನಾ ಹಿಡಿಯುವವರು ಹಲವರು.

ತಪ್ಪೇನಿಲ್ಲ. 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರಂಥ ಗಾಡಿಗೆ ಆಯಿಲ್ ಬದಲಿಸುವುದು, ಪ್ಲಗ್ ಒರೆಸುವುದು ಮಹಾ ವಿದ್ಯೆಯಲ್ಲ. ನಾಲ್ಕು ದುಡ್ಡೂ ಉಳಿದೀತು. ಆದರೆ ಆ ಸಣ್ಣ ಗಾಡಿಯೂ ಆರು ಕ್ವಿಂಟಲಿಗೆ ಮೇಲೆಯೇ ತೂಗುತ್ತದೆ. ಬರೀ ಜಾಕ್ ನಂಬಿ ಅದರ ಅಡಿ ಮಲಗುವುದೆಂದರೆ ಜೀವದ ಜೂಜು.

ಹೈಡ್ರಾಲಿಕ್ ಜಾಕಿನ ಸೀಲು ಸೋರಿದರೆ ಗಾಡಿ ಕೆಳಗಿಳಿಯುತ್ತದೆ. ಸ್ಕ್ರೂ ಜಾಕು ವಾಲುತ್ತದೆ. ಹಸಿ ಎರೆಮಣ್ಣಿನಲ್ಲಂತೂ ಯಾವ ಜಾಕೂ ಹೂಳುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕು ಒಟ್ಟಿದರೆ ಭಾರಕ್ಕೆ ಒಮ್ಮೆಲೇ ಒಡೆಯಬಹುದು.

ಮಾಡಬೇಕಾದ್ದಿಷ್ಟು: ಸಮನಾದ ಗಟ್ಟಿ ನೆಲ ನೋಡಿ. ಹ್ಯಾಂಡ್‌ಬ್ರೇಕ್ ಎಳೆದು, ನೆಲದ ಮೇಲಿನ ಗಾಲಿಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ. ಗಾಡಿ ಎತ್ತಿದ ಕೂಡಲೇ ಗಟ್ಟಿ ಜಾಗ ನೋಡಿ ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಭಾರವನ್ನು ಅದರ ಮೇಲೆ ಇಳಿಸಿ. ಒಮ್ಮೆ ಅಲುಗಿಸಿ ನೋಡಿದ ಮೇಲೇ ಅಡಿಗೆ ಹೋಗಿ. ಬಿಚ್ಚಿದ ಗಾಲಿಯನ್ನೂ ಅಡಿಗೆ ಸರಿಸಿಟ್ಟರೆ ಇನ್ನೊಂದು ಆಸರೆ. ಕೂಗಿದರೆ ಕೇಳುವಷ್ಟು ಹತ್ತಿರ ಒಬ್ಬರಿರಲಿ.

ವಾಯರಿಂಗಿಗೆ ಕೈಹಾಕುವ ಮೊದಲು ಬ್ಯಾಟರಿಯ ಮೈನಸ್ ವಾಯರು ಬಿಚ್ಚಿ, ಉಂಗುರ ತೆಗೆದಿಡಿ. ಚಾರ್ಜಿಗೆ ಹಾಕಿದ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಗ್ಯಾಸು ಬರುತ್ತದೆ, ಬೀಡಿ ದೂರವಿರಲಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಬೇಡ. ಹೊಗೆಯಲ್ಲಿನ ವಿಷಗಾಳಿಗೆ ವಾಸನೆಯೇ ಇಲ್ಲ.

ಸ್ಟ್ಯಾಂಡ್ ಇಲ್ಲವೇ? ಗಾಡಿ ಹಾಗೇ ನಿಲ್ಲಲಿ. ಹಂಗಾಮು ಮುಗಿದ ಮೇಲಾದರೂ ಮಿಸ್ತ್ರಿ ಸಿಗತಾನ, ಹೋದ ಜೀವ ಸಿಗೂದಿಲ್ಲ.